ಕಾಲುವೆ ಕಡೆಯಿಂದ ಮೂರನೇ ಸಾಲು

ಏಳು ಜನರನ್ನು ಒಬ್ಬನೇ ಬಡಿದು, ಅದೂ ಎಡಗೈಯಲ್ಲಿ, ಬಲಗೈಯಲ್ಲಿ ಮಾವಿನ ಎಲೆಯಿತ್ತಲ್ಲ, ಅದು ಬಾಡಬಾರದಲ್ಲ, ಒಬ್ಬೊಬ್ಬನನ್ನೂ ಸೊಂಟದ ಬೆಲ್ಟು ಹಿಡಿದೆತ್ತಿ ಒಂದೊಂದು ಕೊಂಬೆಗೆ ನೇತುಹಾಕಿ, ಎಂಟನೆಯವ ಸಿಗಲಿಲ್ಲವೆಂಬ ಸಿಟ್ಟಿಗೆ ಟ್ರ್ಯಾಕ್ಟರನ್ನೇ ಒದ್ದು ಕಾಲುವೆಗೆ ಉರುಳಿಸಿ, ಕೈ ತೊಳೆದುಕೊಂಡು ಸೂರತ್ ಸ್ಟೇಷನ್ನಿನಲ್ಲಿ ಸಂಜೆಯ ರೈಲು ಹತ್ತಿದ ಗಿರಿಧರ ಈಗ ಒಂದು ಎಲೆಯ ತೊಟ್ಟನ್ನು ರಬ್ಬರು ಬಿರಡೆಯ ತೂತಿಗೆ ತೂರಿಸಲಾರದೆ ತಿಣುಕುತ್ತಿದ್ದಾನೆ — ಅಹಮದಾಬಾದಿನ ಈ ಲ್ಯಾಬಿನಲ್ಲಿ ಏಸಿ ಯಾವತ್ತೂ ಜಾಸ್ತಿ, ಈ ತೊಟ್ಟೂ ಮೊಂಡು, ಇಲ್ಲದಿದ್ದರೆ ಇಡೀ ಗುಜರಾತಿನಲ್ಲಿ ಇಂಥ ಕೈ ಇನ್ನೊಂದಿಲ್ಲ, ಕಣ್ಣು ಕಟ್ಟಿಕೊಂಡು ದಿನಕ್ಕೆ ನಾನೂರು ಎಲೆ ಹಿಂಡಿದ ಕೈ, ಒಮ್ಮೆ ಎಲೆ ಹಿಂಡುವ ಇದೇ ಡಬ್ಬಿಯಿಂದ ಗುಂಡಿನ ಹಾಗೆ ಸಿಡಿದ ತೊಟ್ಟನ್ನು ಹಲ್ಲಿನಲ್ಲಿ ಹಿಡಿದವ — ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತ ಟ್ರೇನಿ ಸಮೀಕ್ಷಾ ಪೆನ್ಸಿಲು ಕಚ್ಚುತ್ತಾಳೆ, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ಹಾವೇರಿಯ ಅಪ್ಪನ ಮಗಳು, ಇದೇ ಅಹಮದಾಬಾದಿನ ಬೋಡಕ್‌ದೇವ್‌ನಲ್ಲೇ ಬೆಳೆದವಳು, ಕನ್ನಡ ಅವಳ ಬಾಯಲ್ಲಿ ಎಡವಿ ಎಡವಿ ಬರುತ್ತದೆ, ಸರ್, ನಿನ್ನೆ ನೀವು ಪಾಂಚ್ ಜನ ಅಂದಿದ್ದು, ಇವತ್ತು ಸೆವೆನ್ ಹೇಗೆ ಆಗಿದೆ, ಇಬ್ಬರು ಗಿಡದ ಹಿಂದ ಅಡಗಿದ್ರವ್ವಾ, ಆಮ್ಯಾಲೆ ಎಣಿಸಿದೆ, ಔರ್ ಟ್ರ್ಯಾಕ್ಟರ್, ಏ, ಅದು ಸಣ್ಣ ಟ್ರ್ಯಾಕ್ಟರ್ ಬಿಡು, ಬರಕೋ, ಮರ ನಾಲ್ಕು, ಎಲೆ ಎರಡು. ಅವಳು ನಕ್ಕಳು, ನಗಲಿ, ತೊಟ್ಟು ಕೊನೆಗೂ ತೂತಿನಿಂದ ತಲೆ ಹೊರಗೆ ಹಾಕಿತು, ಮುಚ್ಚಳ ತಿರುಗಿಸಿ ಬಿಗಿದ, ಎಲೆ ಈಗ ಉಕ್ಕಿನ ಡಬ್ಬಿಯೊಳಗೆ ಕತ್ತಲಲ್ಲಿ, ಕೊಯ್ದ ತೊಟ್ಟಿನ ತುದಿ ಮಾತ್ರ ಹೊರಗೆ, ಸಿಲಿಂಡರಿನ ಗಾಳಿ ಬಿಟ್ಟರೆ ಒಳಗೆ ಎಲೆಯ ಎದೆಯ ಮೇಲೆ ಆನೆ ಕೂತ ಹಾಗೆ, ಎಷ್ಟು ಅದುಮಿದರೆ ತುದಿಯಲ್ಲಿ ನೀರು ಒಸರುತ್ತದೋ ಮರಕ್ಕೆ ಅಷ್ಟು ಬಾಯಾರಿಕೆ ಎಂದು ಲೆಕ್ಕ, ಒತ್ತಡದ ಮೀಟರು ನಾಲ್ಕು ಬಾರ್, ಐದು, ಮುಳ್ಳು ಏರುತ್ತಿದೆ, ಸೀಟಿಯ ಹಾಗೊಂದು ಸಣ್ಣ ಸದ್ದು, ಮೂಳೆ ಮುರಿಯುವಾಗಲೂ ಇಷ್ಟೇ ಸಣ್ಣ ಸದ್ದು, ದೊಡ್ಡದಾಗಿ ಲಟಕ್ಕೆನ್ನುತ್ತದೆ ಎಂದುಕೊಂಡಿದ್ದ, ಇಲ್ಲ, ಒದ್ದೆ ಕಡ್ಡಿ ಮುರಿದ ಹಾಗೆ, ಛೆ, ಎಂಟು ಬಾರ್.

ಹಣ್ಣಿನ ಗಿಡಗಳ ಶರೀರಶಾಸ್ತ್ರ, ಸಂಶೋಧನಾ ಸಹಾಯಕ, ಎಂದು ಕತ್ತಿನ ಕಾರ್ಡಿನಲ್ಲಿ ಬರೆದಿದೆ, ಕಸಾಯಿಖಾನೆ ಎಂದು ಬರೆಯಬೇಕಿತ್ತು, ಬೆಳಗಾದರೆ ಕೊಯ್ಯುವುದು, ಹೆಪ್ಪುಗಟ್ಟಿಸುವುದು, ಒರಳಿಗೆ ಹಾಕಿ ಅರೆಯುವುದು, ಜೀವಂತ ಬೇರನ್ನು ಆಸಿಡ್ಡಿನಲ್ಲಿ ಕುದಿಸುವುದು, ವಡೋದರಾದ ಮನೆಯಲ್ಲಿ ಅವ್ವ ಕಮಲಾ ಕೇಳುತ್ತಾಳೆ, ಗಿಡಕ್ಕ ಔಷಧ ಕೊಡೋ ಡಾಕ್ಟರೋ ಏನ್ ನೀ, ಹೌದವ್ವ, ದೊಡ್ಡ ಡಾಕ್ಟರು — ರೈಲ್ವೆ ನೌಕರಿ ಹಿಡಿದು ಗದಗಿನಿಂದ ಬಂದ ಅಪ್ಪನಿಗೂ ಹಾಗೇ ಹೇಳಿದ್ದ, ಅಪ್ಪ ಅದನ್ನೇ ನಂಬಿಕೊಂಡು ಸತ್ತ. ಅದರಲ್ಲೂ ಉಂಗುರ ಕೊಯ್ಯುವುದೆಂದರೆ ಗಿರಿಧರನೇ ಕೊಯ್ಯಬೇಕು, ಜೋಡಿ ಅಲಗಿನ ಚಾಕು ಹಿಡಿದು ಕಾಂಡದ ಸುತ್ತ ಒಂದು ಸುತ್ತು, ಎರಡು ಬೆರಳಗಲದ ತೊಗಟೆ ಹಸಿ ರಿಬ್ಬನ್ನಿನ ಹಾಗೆ ಸುಲಿದು ಕೈಗೆ ಬರಬೇಕು, ಒಳಗೆ ಬೆಳ್ಳನೆ ಕಟ್ಟಿಗೆ ಮಿಂಚಬೇಕು, ಅಷ್ಟೇ, ಎಲೆ ಮಾಡಿದ ಅನ್ನ ಇನ್ನು ಬೇರಿಗೆ ಇಳಿಯುವುದಿಲ್ಲ, ನೀರು ಮಾತ್ರ ಏರುತ್ತಿರುತ್ತದೆ, ಮೇಲೆ ಮರ ತಿಂಗಳುಗಟ್ಟಲೆ ಹಸಿರಾಗಿ ನಗುತ್ತಿರುತ್ತದೆ, ಕೆಳಗೆ ಬೇರು ಉಪವಾಸ ಬಿದ್ದು ಸಾಯುತ್ತಿರುತ್ತದೆ, ಎಷ್ಟು ದಿನಕ್ಕೆ ಸಾಯುತ್ತದೆ ಎಂಬುದೇ ಪ್ರಯೋಗ. ಅದಕ್ಕೆಂದೇ ಸೂರತ್ತಿನಾಚೆಯ ತೋಟದ ಮಾಲೀಕ ನಿತಿನ್‌ಭಾಯಿ ಒಂದು ಮುದಿ ಸಾಲು ಬಿಟ್ಟುಕೊಟ್ಟಿದ್ದ, ಹನ್ನೆರಡು ಮರ, ಹೇಗೂ ಕಿತ್ತುಹಾಕುವಂಥವು, ಬಾವಿ ಕಡೆಯಿಂದ ಮೂರನೇ ಸಾಲು ಎಂದು ನಕ್ಷೆಯಲ್ಲಿ ಗೀಟು ಎಳೆದಿತ್ತು, ಗುರುವಾರ ಆಟೋದವನು ಕಾಲುವೆ ಬದಿಯ ಹೊಸ ಗೇಟಿಗೆ ತಂದು ಇಳಿಸಿದ, ಗಿರಿಧರ ಅಲ್ಲಿಂದಲೇ ಎಣಿಸಿದ, ಒಂದು, ಎರಡು, ಮೂರು, ಕಿವಿಗೆ ಫೋನು ಒತ್ತಿಕೊಂಡು ಯಾರಿಗೋ ತನ್ನ ಚಾಕುವಿನ ಮಹಿಮೆ ಹೇಳುತ್ತ, ಮಳೆಗಾಲ ಮುಗಿದು ಎಲ್ಲ ಮರವೂ ಒಂದೇ ಹಸಿರು, ನಾಲ್ಕನೇ ಮರದ ತೊಗಟೆ ಬಹಳ ನುಣುಪು, ರಸ ಚಿಲ್ಲೆಂದು ಮುಖಕ್ಕೆ ಹಾರಿತು, ಮುದಿ ಮರಕ್ಕೆ ಎಲ್ಲಿಂದ ಬಂತು ಈ ರಸ ಎಂದು ಒಂದು ಕ್ಷಣ — ಹಿಂದಿನಿಂದ ಯಾರೋ ಏನೋ ಅಂದರು, ಯಾರು, ಏನಂದರು, ನೆನಪಿಲ್ಲ, ಮುಂದಿನ ಮರ, ಮುಂದಿನ ಮರ, ಹನ್ನೆರಡು ಕುತ್ತಿಗೆ, ಊಟದ ಹೊತ್ತಿಗೆ ಮುಗಿಸಿದ, ಇಡೀ ದೇಶದಲ್ಲೇ ಅದು ದಾಖಲೆ, ಹತ್ತು ಬಾರ್, ಸರ್ ನೀರು ಬಂತಾ, ಇಲ್ಲವ್ವಾ, ತಡಿ.

ಇನ್ನೂ ಬಂದಿಲ್ಲ, ಭೂತಗನ್ನಡಿಯಲ್ಲಿ ತೊಟ್ಟಿನ ತುದಿ ಒಣಗಿದ ತುಟಿಯ ಹಾಗೆ, ಅವನ ತುಟಿಯೂ ಹೀಗೇ ಒಡೆದಿತ್ತು, ರಮ್ಸುಭಾಯಿಯದು, ದಾಹೋದ್ ಕಡೆಯಿಂದ ಆ ತೋಟಕ್ಕೆ ಕೂಲಿಗೆ ಬಂದವ, ಐವತ್ತು ದಾಟಿದವ, ಮಾತು ಕಡಿಮೆ, ಶುಕ್ರವಾರ ಬೆಳಿಗ್ಗೆ ನಿತಿನ್‌ಭಾಯಿ ತೋಟ ಸುತ್ತಲು ಬಂದಾಗ ತಾನೇ ನೆಟ್ಟು ಬೆಳೆಸಿದ ಕೇಸರ್ ಮಾವಿನ ಮರಗಳ ಕೊರಳಲ್ಲಿ ಬಿಳಿ ಉಂಗುರ ಕಂಡ, ಹನ್ನೆರಡಕ್ಕೆ ಹನ್ನೆರಡು, ಆ ಸಾಲಿನ ಒಂದು ಮರದ ಬುಡದಲ್ಲಿ ರಮ್ಸುಭಾಯಿ ಕೂತಿದ್ದ, ಕೈಯಲ್ಲಿ ತೊಗಟೆ ತುಂಬಿದ ಚೀಲ, ಇನ್ನೇನು ಬೇಕು, ಮದ್ದಿಗೆಂದು ಸುಲಿದಿದ್ದಾನೆ ಹರಾಮಿ, ಎಂದು ತೋಟದ ಆಳುಗಳು ಡ್ರಿಪ್ಪಿನ ಕರಿ ಪೈಪು ತುಂಡು ಮಾಡಿ ಜೋಡಿಸಿ ಮಡಚಿ ಹೊಡೆದರು, ಬೆನ್ನಿಗೆ, ಮೊಣಕಾಲಿಗೆ, ಬಿದ್ದ ಮೇಲೆ ಪಕ್ಕೆಗೆ ಬೂಟು, ಪೈಪಿನಲ್ಲಿ ಉಳಿದಿದ್ದ ನೀರು ಪ್ರತಿ ಏಟಿಗೂ ಚಿಮ್ಮುತ್ತಿತ್ತು, ಬಿಸಿಲಿನಲ್ಲಿ ಅದು ಹೊಳೆಯುತ್ತಿತ್ತು, ಆಗಲೇ ಗಿರಿಧರ ಎಲೆ ಕೊಯ್ಯಲೆಂದು ತೋಟದೊಳಗೆ ಕಾಲಿಟ್ಟದ್ದು, ಇಟ್ಟವನೇ ಸಿಂಹದ ಹಾಗೆ ಹಾರಿ — ಹಾರಿ, ಒಬ್ಬನ ಕುತ್ತಿಗೆಗೆ ಕೈ ಹಾಕಿ, ಹೌದು, ಐದು ಜನ, ಏಳು ಜನ, ಶುಕ್ರವಾರ ಮನೆಗೆ ಹೋಗಿ ಅವ್ವನಿಗೂ ಹಾಗೇ ಹೇಳಿದ, ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಮೇಲಿಂದ ಕೆಳಗೆ ನೋಡಿದಳು, ಏಳ್ ಮಂದಿ ಕೂಡ ಬಡದಾಡಿ ಬಂದವನ ಅಂಗಿ ಇಸ್ತ್ರಿನೂ ಮುರದಿಲ್ಲಲ್ಲೋ, ಅಷ್ಟೇ, ಮತ್ತೆ ರೊಟ್ಟಿ ಬಡಿದಳು, ಪಟ ಪಟ ಪಟ, ಗಿರಿಧರ ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿ ಬಿಟ್ಟ, ಕೈಕಾಲು ತೊಳೆಯುವುದಿತ್ತು. ಹದಿಮೂರು ಬಾರ್. ಮಧ್ಯಾಹ್ನ ಹನ್ನೆರಡಕ್ಕೆ ನಿತಿನ್‌ಭಾಯಿಯ ಮ್ಯಾನೇಜರ್ ಇವತ್ತು ಲ್ಯಾಬಿಗೇ ಬರುತ್ತಾನಂತೆ, ಒಂದೇ ಒಂದು ಹಾಳೆ, ಈತ ಮರ ಕೊಯ್ದದ್ದನ್ನು ನಾನು ಕಂಡಿದ್ದೇನೆ ಎಂದು ಗಿರಿಧರ ಸಹಿ ಹಾಕಿದರೆ ಸಾಕು, ಪೊಲೀಸರು ರಮ್ಸುಭಾಯಿಯನ್ನು ಸೂರತ್ತಿನ ಆಸ್ಪತ್ರೆಯ ಮಂಚದಿಂದ ನೇರ ಜೈಲಿಗೆ ಒಯ್ಯುತ್ತಾರೆ, ಮುರಿದ ಕೈಯ ಪಟ್ಟಿ ಸಮೇತ, ಸಹಿ ಹಾಕದಿದ್ದರೆ ಯಾಕೆ ಹಾಕುವುದಿಲ್ಲ ಎಂದು ಕೇಳುತ್ತಾರೆ, ಕೇಳುತ್ತಾರಲ್ಲ, ಅದೇ, ಗೋಡೆಯ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿದೆ, ಆ ಕೈ, ಪೈಪು ಬರುವ ಮೊದಲು ಮೇಲಕ್ಕೆ ಎತ್ತಿದ ಆ ಕೈ, ತಲೆ ಮುಚ್ಚಿಕೊಳ್ಳಲು ಎತ್ತಿದ್ದ ಅಲ್ಲವೇ, ಎಲ್ಲರೂ ಹಾಗೇ ಎತ್ತುತ್ತಾರೆ, ಮುಳ್ಳು ನೋಡು ಗಿರಿಧರ, ಮುಳ್ಳು ನೋಡು.

ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ, ರಚನಾ ಮೇಡಂ, ಈ ವಿಭಾಗದ ಹಿರಿಯ ವಿಜ್ಞಾನಿ, ಮೈಸೂರಿನವರು, ದನಿ ಎತ್ತದ ಹೆಂಗಸು, ಮೇಜಿನ ಮೇಲೆ ಒಂದು ಪಾಲಿಥಿನ್ ಚೀಲ ಇಟ್ಟರು, ಒಳಗೆ ತೊಗಟೆ ಕಂದಿ ಸುರುಳಿ ಸುತ್ತಿಕೊಂಡಿದೆ, ಗಿರಿಧರ, ಇದನ್ನ ಆಸ್ಪತ್ರೆಯಲ್ಲಿ ರಮ್ಸುಭಾಯಿ ಹೆಂಡತಿ ಕೊಟ್ಟಳು, ನಾನು ನಿನ್ನೆ ಹೋಗಿದ್ದೆ, ನಿತಿನ್‌ಭಾಯಿ ಜನ ಇದರೊಳಗಿನ ಚೀಟಿ ನೋಡಿ ಮಾಟದ ಬರಹ ಅಂತ ಮುಟ್ಟದೆ ಬಿಟ್ಟಿದ್ರಂತೆ. ಚೀಲದ ಒಳಗೆ ಬೆಣ್ಣೆ ಕಾಗದದ ಚೂರು, ಪೆನ್ಸಿಲಿನಲ್ಲಿ, ಶಾಯಿ ಒದ್ದೆಗೆ ಕದಡುತ್ತದಲ್ಲ, ಕೊಯ್ಯುವ ಮೊದಲೇ ಬರೆದಿಡುವುದು ಲ್ಯಾಬಿನ ಪದ್ಧತಿ, ಸಾಲು ೩, ಮರ ೧ರಿಂದ ೧೨, ಗುರುವಾರದ ತಾರೀಖು, ಈ ಗುಜರಾತಿನ ಲ್ಯಾಬಿನಲ್ಲಿ ಕನ್ನಡ ಅಂಕಿ ಬರೆಯುವವನು ಒಬ್ಬನೇ, ನನ್ನ ಸ್ಯಾಂಪಲ್ಲು ಯಾವ ಮಗನೂ ಕದಿಯಬಾರದು, ಅದಕ್ಕೇ ಕನ್ನಡ ಅಂಕಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಒಬ್ಬನೇ, ಅಯ್ಯೋ ಸರ್, ಇದು ನಿಮ್ಮದೇ ಮೂರು, ಸಮೀಕ್ಷಾ ಅಂದಳು, ಅಂದು ಬಾಯಿಗೆ ಕೈ ಇಟ್ಟುಕೊಂಡಳು. ಅದು, ಮೇಡಂ, ಆ ಚೀಟಿ, ಯಾರೋ ನನ್ನ ಅಕ್ಷರ ನಕಲು — ಗಿರಿಧರ, ಎಂದರು ಮೇಡಂ, ಅಷ್ಟೇ, ಹೆಸರು ಮಾತ್ರ, ಹದಿನೆಂಟು ಬಾರ್, ಮುಳ್ಳು ಇನ್ನೂ ಏರುತ್ತಿದೆ, ಯಾರೂ ಗಾಳಿ ನಿಲ್ಲಿಸುತ್ತಿಲ್ಲ, ಸಮೀಕ್ಷಾಳೇ ಕೈ ಚಾಚಿ ನಲ್ಲಿ ತಿರುಗಿಸಿದಳು, ಆ ಸೀಟಿಯ ಸದ್ದು ನಿಂತಿತು. ಏಳು ಮಂದಿ ಇರ್ಲಿಲ್ರೀ ಮೇಡಂ, ಅವನ ಬಾಯಿ ತಾನಾಗಿ ಆಡುತ್ತಿತ್ತು, ಇಬ್ಬರೇ ಇದ್ರು, ನಾ ಒಬ್ಬನ್ನೂ ಮುಟ್ಟಿಲ್ಲ, ನಿತಿನ್‌ಭಾಯಿ ಜೀಪಿನ ಹಿಂದ ನಿಂತಿದ್ದೆ, ಸಾಲು ನಾನಾ ತಪ್ಪಿ ಎಣಿಸೀನಿ, ಕಾಲುವೆ ಕಡಿಂದ, ಹನ್ನೆರಡೂ ನಾನಾ ಕೊಯ್ದೀನಿ, ಅವಾ, ರಮ್ಸುಭಾಯಿ, ಹೇಳಿದ್ದ ಮೇಡಂ, ನಾಲ್ಕನೇ ಗಿಡದಾಗ ಹಿಂದ ನಿಂತು ಹೇಳಿದ್ದ, ಸಾಹೇಬ್, ಆ ತೋ ಸಾರಾಂ ಝಾಡ್ ಛೇ, ಇವು ಒಳ್ಳೇ ಗಿಡ ಅಂತ, ನೀ ನನಗ ಕಲಸ್ತೀಯೇನಲೇ ಅಂದೆ. ಮತ್ತೆ ಆ ಮುದಿ ಸಾಲಲ್ಲೂ ಉಂಗುರ ಇದೆಯಲ್ಲ, ಎಂದರು ಮೇಡಂ. ಅದು ಶುಕ್ರವಾರ ಮಧ್ಯಾಹ್ನ, ಅವನನ್ನ ಆಟೋದಾಗ ಹಾಕ್ಕೊಂಡು ಹೋದ ಮ್ಯಾಲೆ, ಬಾವಿ ಕಡೆ ಹೋಗಿ ಅದನ್ನೂ ಕೊಯ್ದೆ, ರಿಪೋರ್ಟು ಸರಿ ಕಾಣ್ಲಿ ಅಂತ, ನಮ್ಮ ಕೆಲಸ ಇಲ್ಲೈತಿ ನೋಡ್ರಿ ಅಂತ ನಿತಿನ್‌ಭಾಯಿಗೆ ತೋರಿಸಿದೆ, ಮುಂಜಾನೆ ಅವರು ಆ ತಮಾರು ಕಾಮ್ ಛೇ, ಇದು ನಿಮ್ಮ ಕೆಲಸಾನ ಅಂತ ಕೇಳಿದಾಗ ಅಲ್ಲ ಅಂತ ತಲಿ ಅಲ್ಲಾಡಿಸಿದ್ದೂ ನಾನಾ, ಅವನ ಕಡೆ ಬೆರಳು ಮಾಡಿದ್ದೂ ನಾನಾ, ಇದಾ ಬೆರಳು. ಚೀಲ? ಎಂದರು ಮೇಡಂ, ಕನ್ನಡಕ ತೆಗೆದು. ಚೀಲ ಗುರುವಾರ ನಾನಾ ಕೊಟ್ಟಿದ್ದೆ, ತೊಗಟೆ ಆರಿಸಿ ತುಂಬು, ಬಿಸಿಲು ಬಡೀಬಾರ್ದು, ಒಣಗಬಾರ್ದು, ನಾ ಬರೋತನ ಯಾರ ಕೈಯಾಗೂ ಕೊಡಬ್ಯಾಡ ಅಂದು ಊರಿಗೆ ಹೋಗಿಬಿಟ್ಟೆ, ಅದಕ್ಕ ಅವಾ ರಾತ್ರಿಯೆಲ್ಲ ಒದ್ದಿ ಅರಿವಿ ಸುತ್ತಿ, ಅದಕ್ಕ ಬೆಳಿಗ್ಗೆ ಆ ಗಿಡದ ನೆರಳಾಗ — ಯಾರೋ ನೀರಿನ ಲೋಟ ಹಿಡಿದಿದ್ದಾರೆ, ಹಿಡಿಯಲಿ, ಅವನಿಗೆ ಕಾಣುತ್ತಿರುವುದು ಅದಲ್ಲ, ಜೀಪಿನ ಹಿಂದೆ ನಿಂತ ಸಾಹೇಬರನ್ನು ರಮ್ಸುಭಾಯಿ ಕಂಡ, ಕಂಡು ಮುಖ ಅರಳಿತು, ರಕ್ತದ ಬಾಯಲ್ಲೇ ಅರಳಿತು, ಕೈ ಎತ್ತಿದ, ತಲೆ ಮುಚ್ಚಿಕೊಳ್ಳಲು ಅಲ್ಲ, ತಲೆ ಬಿಟ್ಟೇ ಕೊಟ್ಟಿದ್ದ, ಚೀಲ ಒಪ್ಪಿಸಲು ಎತ್ತಿದ, ಲೋ ಸಾಹೇಬ್, ತಗೊಳ್ಳಿ, ಒಣಗಿಲ್ಲ, ಪೈಪು ಬಂತು, ಆ ಕೈ, ಮುರಿದ ಮೇಲೂ ಚೀಲ ಬಿಡದ ಆ ಕೈ, ಲೋ ಸಾಹೇಬ್, ಆ ಕೈ