ಮಂದಿ ಹೆಸರಿನ ವಾದ್ಯ

ನಾದಕ್ಕೆ ಮೊದಲು ಮೌನವಾಗಿದ್ದು, ಆ ಮೌನದ ಗರ್ಭದಿಂದಲೇ ನಾದವನ್ನು ಹಡೆದ ಪರವಸ್ತುವಿಗೆ ಮೊದಲ ವಂದನೆ. ಒಂದು ಕೈಯಿಂದ ತಂತಿಯನ್ನೂ ಕಾಣದ ಇನ್ನೊಂದು ಕೈಯಿಂದ ಕೇಳುವವರ ಎದೆಯನ್ನೂ ಮೀಟುವ ವಾಗ್ದೇವಿಗೆ ಮರುವಂದನೆ. ಕೃಷ್ಣೆಯ ದಡದ ತಿಂಥಣಿಯಲ್ಲಿ, ಬಂದವರ ಹೆಸರು ಕುಲಗಳನ್ನು ಕೇಳದೆ ಎಲ್ಲರನ್ನೂ ಒಂದೇ ನೆರಳಿನಲ್ಲಿ ಕೂರಿಸಿಕೊಂಡಿರುವ ಮೌನೇಶ್ವರನ ಪಾದಕ್ಕೆ ಹಣೆ ಹಚ್ಚಿ, ಶಹಾಪುರದ ಒಂದು ಮನೆಯಲ್ಲಿ ನಡೆದುದನ್ನು ಹೇಳತೊಡಗುವೆ.

ಪರಿಮಳಾ ಕೆಲಸದಿಂದ ಮನೆಗೆ ಬಂದಾಗ ಅವಳ ಅಜ್ಜಿ ಮಲ್ಲಾಬಾಯಿ ಅಂಗಳದ ಇಳಿಬಿಸಿಲಿನಲ್ಲಿ ಚಾಪೆ ಹಾಸಿ, ಅದರ ಮೇಲೆ ಬೇಸ್ ಗಿಟಾರನ್ನು ನೀರೆರೆಸಿಕೊಂಡ ಕೂಸಿನಂತೆ ಮಲಗಿಸಿ, ಅದರ ತಲೆಯ ಹಿಂಭಾಗವನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಬದಿಯಲ್ಲಿ ಒಂದು ಬಟ್ಟಲಲ್ಲಿ ಸೋಸಿದ ಬೂದಿ, ಇನ್ನೊಂದರಲ್ಲಿ ನೆನೆಸಿದ ಹುಣಸೆಹಣ್ಣು. ಹಿತ್ತಾಳೆಯ ತಂಬಿಗೆಗೆ ಸಲ್ಲಬೇಕಾದ ಉಪಚಾರವೆಲ್ಲವೂ ಆ ಮರದ ವಾದ್ಯಕ್ಕೆ ಸಂದಿತ್ತು.

ಪರಿಮಳಾ ಚೀಲವನ್ನು ಕಟ್ಟೆಯ ಮೇಲಿಟ್ಟವಳೇ ಬಗ್ಗಿ ನೋಡಿದಳು. ಮುಂಜಾನೆಯವರೆಗೆ ಅಲ್ಲಿ ಬಂಗಾರದ ಬಣ್ಣದಲ್ಲಿ ಒಂದು ಸಹಿ ಇತ್ತು. ಸಾಗರದಾಚೆಯ ದೊಡ್ಡ ವಾದಕನೊಬ್ಬನ ಸಹಿ. ಈಗ ಉಳಿದದ್ದು ಅದರ ಕೊನೆಯಲ್ಲಿ ಮೇಲಕ್ಕೆ ಬಾಗಿದ ಒಂದು ಗೆರೆ ಮಾತ್ರ.

"ಆಯಿ, ಏನ್ ಮಾಡಿದಿ ಇದು?"

"ನಾಳಿ ತಿರುಗಿ ಕೊಡಾಕ ಹೊಂಟೀನಿ ಅಂದ್ಯಲ್ಲ. ಮಂದಿ ಹೆಸರಿನ ವಸ್ತು ಹೊಲಸ ಕಳಸಬಾರದವ್ವ. ಹೆಸರು ಕಿಲುಬು ಹಿಡದಂಗ ಕಾಣ್ತು, ತಿಕ್ಕಿದ್ನಿ. ಅದ್ ನೋಡಿದ್ರ ಕೈಯಾಗ ಬಂತು." ಮಲ್ಲಾಬಾಯಿ ತನ್ನ ಬೆರಳ ತುದಿಯ ಬಂಗಾರದ ಪುಡಿಯನ್ನು ನೋಡಿಕೊಂಡಳು. "ಬೋಗಾಣಿ ಮ್ಯಾಲಿಂದಾದ್ರ ಕೊರದಿರತಾರ, ಹೋಗಂಗಿಲ್ಲ. ಇದೆಂಥಾ ಹೆಸರ, ಹುಣಸಿಹಣ್ಣಿಗೆ ಹೋಗೂವಂಥಾದ್ದು?"

ಮಲ್ಲಾಬಾಯಿಗೆ ಓದು ಬಾರದು. ಆದರೆ ಅವಳ ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಂತ ಪಾತ್ರೆಗಳಲ್ಲಿ ಯಾವುದು ಯಾರ ಮದುವೆಯದು, ಯಾವುದು ಯಾರ ಉಡಿಯಕ್ಕಿಯ ಜೊತೆ ಬಂದದ್ದು ಎಂಬುದನ್ನು ಕೊರೆದ ಹೆಸರಿನ ಮೇಲೆ ಬೆರಳಾಡಿಸಿಯೇ ಹೇಳಬಲ್ಲಳು. ವಸ್ತುವಿನ ಮೇಲಿರುವ ಹೆಸರು ಅದರ ಒಡೆಯನದು. ಒಡೆಯನಿಗೆ ಅದನ್ನು ಬೆಳಗಿ ಮುಟ್ಟಿಸಬೇಕು. ಈ ಧರ್ಮವನ್ನು ಅವಳು ಒಂದು ದಿನವೂ ಮೀರಿದವಳಲ್ಲ. ಹಾಗಾಗಿ ಪರಿಮಳೆಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಆ ವಾದ್ಯ ಅವಳದಲ್ಲ, ಸುರಪುರದ ಲಾಡ್ಲೇಸಾಬನದು. ಮದುವೆ ಆರ್ಕೆಸ್ಟ್ರಾಗಳಲ್ಲಿ ಒಂದು ಆಯುಷ್ಯವನ್ನೇ ಕಳೆದ ಲಾಡ್ಲೇಸಾಬನ ಬೆರಳುಗಳು ಈಗ ಸೆಟೆದುಕೊಂಡಿದ್ದವು. ತನ್ನ ಒಳ್ಳೆಯ ಕಾಲದಲ್ಲಿ ಹೈದರಾಬಾದಿಗೆ ಹೋಗಿ, ಅಂಗಡಿಯವರು ಸಿಗ್ನೇಚರ್ ಮಾಡೆಲ್ ಎನ್ನುವ ಈ ಬೇಸನ್ನು ಅವನು ತಂದಿದ್ದ. ಹೆಸರಾಂತ ವಾದಕನೊಬ್ಬ ತನ್ನ ಕೈಗೆ ಒಪ್ಪುವಂತೆ ಹೇಳಿ ಮಾಡಿಸಿದ ಮಾದರಿ; ಅವನ ಸಹಿಯಿರುವ ಕಾರಣಕ್ಕೆ ಬೆಲೆಯೂ ಮೇಲು. ಈಗ ಅದನ್ನು ಕೊಳ್ಳಲು ಕಲಬುರಗಿಯ ಸಿರಿವಂತನೊಬ್ಬ ಮುಂದೆ ಬಂದಿದ್ದ. ಬೈಠಕ್ ಖೋಲಿಯ ಗೋಡೆಗೆ ತೂಗುಹಾಕಲು ಅವನಿಗೆ ಸಹಿಯೇ ಬೇಕಾಗಿತ್ತು. ಗೋಡೆಗಿಂತ ಬಾರಿಸುವ ಕೈಗೇ ಸೇರಲೆಂದು ಲಾಡ್ಲೇಸಾಬ ಅವನನ್ನು ತಡೆದು, ಮೊದಲು ಪರಿಮಳೆಗೆ ಕೊಟ್ಟು, ಒಂದು ವಾರ ಬಾರಿಸಿ ನೋಡಲು ಹೇಳಿದ್ದ. ಒಪ್ಪಿದರೆ ಇಟ್ಟುಕೊಳ್ಳಲಿ, ಇಲ್ಲದಿದ್ದರೆ ಮರಳಿಸಲಿ.

ಪರಿಮಳಾ ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ರವಿವಾರ ಬಂದರೆ ಪ್ರವೀಣಕುಮಾರನ ಭಜನಾಮೇಳದಲ್ಲಿ ಬೇಸ್ ಬಾರಿಸುವವಳು. ರಾಮಸಮುದ್ರದ ಶಾಲೆಯ ಮಾಸ್ತರನಾದ ಪ್ರವೀಣಕುಮಾರ ಕೀಬೋರ್ಡ್ ನುಡಿಸುತ್ತ ಮೇಳವನ್ನು ನಡೆಸುತ್ತಿದ್ದ. ಮೇಳದ ಬೇಸ್ ದಪ್ಪ ಕುತ್ತಿಗೆಯದು. ಪರಿಮಳೆಯ ಕೈಯೋ ಸಣ್ಣದು. ಎರಡು ಹಾಡು ಮುಗಿಯುವಷ್ಟರಲ್ಲಿ ಮಣಿಕಟ್ಟು ಉರಿಯುತ್ತಿತ್ತು, ಮೂರನೆಯದಕ್ಕೆ ತಾಳ ಜಾರುತ್ತಿತ್ತು. ಇದನ್ನು ಕಂಡ ಪ್ರವೀಣಕುಮಾರ ಇತ್ತೀಚೆಗೆ ತನ್ನ ಎಡಗೈಯನ್ನು ಕೀಬೋರ್ಡಿನ ಕೆಳಸ್ವರಗಳ ಮೇಲಿಟ್ಟು ಬೇಸಿನ ಕೆಲಸವನ್ನೂ ತಾನೇ ಮಾಡತೊಡಗಿದ್ದ. ಬಾಯಿಬಿಟ್ಟು ಏನನ್ನೂ ಅಂದಿರಲಿಲ್ಲ. ಆದರೆ ಬರುವ ಅಮಾವಾಸ್ಯೆಗೆ ತಿಂಥಣಿಯಲ್ಲಿ ಮೇಳದ ಸೇವೆಯಿತ್ತು. ಅಷ್ಟರಲ್ಲಿ ಕೈ ಸುಧಾರಿಸದಿದ್ದರೆ ತನ್ನ ಜಾಗವನ್ನು ಆ ಎಡಗೈ ನುಂಗುತ್ತದೆಂದು ಪರಿಮಳೆಗೆ ತಿಳಿದಿತ್ತು.

ಲಾಡ್ಲೇಸಾಬನ ಬೇಸಿನ ಕುತ್ತಿಗೆ ತೆಳುವಾಗಿತ್ತು. ಸಹಿಯ ಒಡೆಯನೂ ಸಣ್ಣ ಕೈಯವನಂತೆ. ತನ್ನ ಬೆರಳಿನಳತೆಗೆ ಅದನ್ನು ಮಾಡಿಸಿದ್ದನಂತೆ. ಈ ಸುದ್ದಿಯನ್ನು ಹೇಳಿದಾಗ ಪ್ರವೀಣಕುಮಾರ ಚಹಾದ ಕಪ್ಪನ್ನು ಕೆಳಗಿಟ್ಟು ನಕ್ಕಿದ್ದ.

"ಮೇಡಂ, ಅಂವ ಸಹಿ ಮಾಡ್ಯಾನಂದ್ರ ತಿಂಥಣಿಗಿ ಬಂದು ಬಾರಸಾಂವ ಅಂವನೇ ಏನ್ರಿ? ಅದ ರೊಕ್ಕದಾಗ ಸಾದಾ ಬೇಸ್ ಬರ್ತದ, ಒಂದ್ ಚಲೋ ಸ್ಪೀಕರ್ ಡಬ್ಬಿನೂ ಬರ್ತದ."

ಆ ಮಾತು ಪರಿಮಳೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಏಕೆಂದರೆ ಆ ವಾದಕನನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಮೊಬೈಲಿನಲ್ಲಿ ಕೇಳುತ್ತ ಬಂದವಳು. ಏಕಲವ್ಯನು ಮಣ್ಣಿನ ಮೂರ್ತಿಯನ್ನು ಕಂಡಂತೆ ಕಂಡು, ಅವನ ಸ್ವರಸ್ವರವನ್ನೂ ಅನುಕರಿಸಿದವಳು. ತನಗೆ ಬೇಕಾದದ್ದು ತೆಳುವಾದ ಕುತ್ತಿಗೆಯೋ, ಬಂಗಾರದ ಅಕ್ಷರವೋ? ವಾರವೆಲ್ಲ ಯೋಚಿಸಿದರೂ ತಿಳಿಯಲಿಲ್ಲ. ತನ್ನ ಆಸೆಯ ಮೇಲೆ ತನಗೇ ನಂಬಿಕೆ ಹುಟ್ಟದಿದ್ದುದರಿಂದ, ಮರಳಿಸಿಬಿಡುವುದೇ ಲೇಸೆಂದು ಮುಂಜಾನೆ ಅಜ್ಜಿಗೆ ಹೇಳಿ ಕೆಲಸಕ್ಕೆ ಹೋಗಿದ್ದಳು.

ಈಗ ಮರಳಿಸುವ ದಾರಿಯೂ ಮುಚ್ಚಿತ್ತು. ಕಲಬುರಗಿಯವನಿಗೆ ಬೇಕಾದದ್ದು ಮಲ್ಲಾಬಾಯಿಯ ಬೆರಳಿಗೆ ಹತ್ತಿಕೊಂಡಿತ್ತು.

ಅಳಿಸಿದ ಜಾಗವನ್ನು ನೋಡಿದಷ್ಟೂ ಪರಿಮಳೆಯ ಕಣ್ಣು ತುಂಬಿ ಬಂದವು. ಆ ದುಃಖದಿಂದಲೇ ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು: ಹೆಸರು ತನಗೆ ಬೇಕಾಗಿತ್ತು, ಬಹಳವೇ ಬೇಕಾಗಿತ್ತು. ಮುಖ ತೊಳೆದು ಬಂದು, ಬೂದಿಯ ತೇವ ಆರಿದೆಯೇ ಎಂದು ನೋಡುವ ನೆವದಲ್ಲಿ ವಾದ್ಯವನ್ನು ತೊಡೆಯ ಮೇಲೆತ್ತಿಕೊಂಡಳು. ಬೆರಳು ತಾವಾಗಿಯೇ ತಂತಿಗಳನ್ನು ಹುಡುಕಿದವು. ಕುತ್ತಿಗೆ ಅಂಗೈಯಲ್ಲಿ ನಿನ್ನೆ ಕುಳಿತಂತೆಯೇ ಕುಳಿತಿತು. ಒಂದು ಹಾಡು, ಮತ್ತೊಂದು, ಇನ್ನೂ ಒಂದು. ಮಣಿಕಟ್ಟು ಉರಿಯಲಿಲ್ಲ.

ಮರುದಿನ ಸುರಪುರದ ಬಸ್ಸಿನಲ್ಲಿ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಹೋದಳು. ಲಾಡ್ಲೇಸಾಬನ ಮನೆಯ ಪಡಸಾಲೆಗೆ ಕಾಲಿಟ್ಟೊಡನೆ ಜೋಡಿಸಿದ್ದೆಲ್ಲ ಚದುರಿತು.

"ಚಾಚಾ, ನಮ್ಮ ಮನ್ಯಾಗ ತಪ್ಪಾಗ್ಯದ್ರಿ," ಎಂದಷ್ಟೇ ಹೇಳಿ ವಾದ್ಯವನ್ನು ಬೆನ್ನುಮೇಲಾಗಿ ಅವನ ಮುಂದಿಟ್ಟಳು. ಬೂದಿ, ಹುಣಸೆಹಣ್ಣು, ಕಿಲುಬೆಂದು ತಿಳಿದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಕಲಬುರಗಿಯವರು ಇನ್ನು ಕೊಳ್ಳಲಾರರೆಂದು ತನಗೆ ತಿಳಿದಿದೆಯೆಂದಳು. ಆಡಿದ ಬೆಲೆಯನ್ನೇ ಕೊಟ್ಟು ತಾನು ಇಟ್ಟುಕೊಳ್ಳುವುದಾಗಿ ಹೇಳಿದಳು.

ಲಾಡ್ಲೇಸಾಬ ವಾದ್ಯವನ್ನು ಹತ್ತಿರಕ್ಕೆ ಎಳೆದುಕೊಂಡ. ಹೆಸರಿದ್ದ ಜಾಗದ ಮೇಲೆ ಸೆಟೆದ ಹೆಬ್ಬೆರಳನ್ನು ಆಡಿಸಿದ. ಹೊರಗೆ ಯಾರದೋ ಕುರಿಮಂದೆ ಓಣಿ ದಾಟಿ ಹೋಯಿತು. ಕೊನೆಯ ಕುರಿಯ ಸಪ್ಪಳ ಅಡಗುವವರೆಗೂ ಅವನ ಹೆಬ್ಬೆರಳು ಅಲ್ಲಿಯೇ ಇತ್ತು. ಪರಿಮಳೆಯ ಕಣ್ಣು ಮತ್ತೆ ತುಂಬಿ ಬಂದವು.

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಚಾಂದಬೀ ಒಂದು ಹೆಜ್ಜೆ ಮುಂದೆ ಬಂದಳು. "ಅಳಬ್ಯಾಡ ಬೇಟಿ. ಮದಿವ್ಯಾದಾಗಿಂದ ನನ್ನ ಮಾರಿ ಇಷ್ಟು ಒರಸಿ ನೋಡ್ಲಿಲ್ಲ ನಿಮ್ಮ ಚಾಚಾ. ಆ ಹೆಸರು ದಿನಾ ಮಖಮಲ್ಲಿಲೆ ಒರಸತಿದ್ರು. ಒಂದು ಸವತಿ ಹೋದ್ಳು ಬಿಡು."

ಲಾಡ್ಲೇಸಾಬನ ಮೀಸೆಯ ತುದಿ ಕದಲಿತು. "ಈಕಿ ಮಾತು ಕೇಳಬ್ಯಾಡ," ಎಂದು ಒಮ್ಮೆ ಕೆಮ್ಮಿದ. "ಬಾರಸು, ನೋಡೂಣು."

ಪರಿಮಳಾ ಆ ಸಹಿಯ ವಾದಕನ ಪ್ರಸಿದ್ಧವಾದ ವೇಗದ ಸ್ವರಗಳ ಓಟವೊಂದನ್ನು ಎತ್ತಿಕೊಂಡಳು. ನಾಲ್ಕು ಸ್ವರ ದಾಟುವುದರೊಳಗೆ ಲಾಡ್ಲೇಸಾಬ ಕೈಯೆತ್ತಿ ತಡೆದ. "ಅದು ಬ್ಯಾಡ. ಮ್ಯಾಳದಾಗ ಏನ್ ಬಾರಸ್ತಿ, ಅದು."

ಅವಳು ಭಜನೆಯ ಪದವೊಂದನ್ನು ಹಿಡಿದಳು. ತಾಳದ ಪೆಟ್ಟು ಬೀಳುವಲ್ಲಿ ಬೀಳದೆ, ಹಾಡುವವರು ಉಸಿರು ಎಳೆದುಕೊಳ್ಳುವ ಬಿಡುವಿನಲ್ಲಿ ಒಂದು ಕೆಳಸ್ವರವನ್ನು ಇಟ್ಟು, ಮುಂದಿನ ಸಾಲಿಗೆ ಕೈಹಿಡಿದು ಕರೆದೊಯ್ಯುವ ನಡೆ ಅದು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಮಲ್ಲಾಬಾಯಿ ಬೀಸುಕಲ್ಲಿನ ಮುಂದೆ ಹಾಡುತ್ತ, ಕಾಳು ಹಾಕಲು ನಿಲ್ಲುತ್ತಿದ್ದ ಗಳಿಗೆಗಳಿಂದ ಅವಳ ಕಿವಿಗೆ ಬಂದದ್ದು. ಸ್ಪೀಕರಿಲ್ಲದ ಬೇಸಿನ ದನಿ ಸಣ್ಣದು. ಕೇಳಲೆಂದು ಲಾಡ್ಲೇಸಾಬ ಮುಂದೆ ಬಾಗಿದ. ಅವನ ಬೆರಳುಗಳು, ಬಾಗಲಾರದವು, ತೊಡೆಯ ಮೇಲೆ ಆ ಬಿಡುವುಗಳನ್ನು ತಟ್ಟುತ್ತಿದ್ದವು.

ಮುಗಿದ ಮೇಲೆ ಅವನೆಂದ: "ಈ ಹೆಸರು ನೋಡಿ ಮಂದಿ ನನ್ನ ಕರೀತಿದ್ರು. ಅಂವನಂಗ ಬಾರಸ್ತಿ ಅಂತಿದ್ರು. ಖುಷಿನೂ ಆಗ್ತಿತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಲಾಡ್ಲೇಸಾಬನಂಗ ಬಾರಸ್ತಿ ಅಂತ ಒಬ್ರೂ ಅನಲಿಲ್ಲ." ಅವಳ ಕೈಯತ್ತ ನೋಡಿ, "ಈ ಉಸಿರಿನ ಜಾಗಾ ಎಲ್ಲಿಂದ ತಂದಿ?" ಎಂದು ಕೇಳಿದ.

"ಮನ್ಯಾಗ ಇತ್ರಿ," ಎಂದಳು ಪರಿಮಳಾ.

ಬಳಿಕ ಬೆಲೆಯ ಮೇಲೆ ಸಣ್ಣ ಜಗಳವೇ ನಡೆಯಿತು. ಇಲ್ಲದ ಹೆಸರಿಗೆ ತಾನು ದುಡ್ಡು ಮುಟ್ಟುವುದಿಲ್ಲವೆಂದು ಅವನು. ಹೆಸರನ್ನು ಕಳೆದದ್ದು ತಮ್ಮ ಮನೆಯೆಂದು ಇವಳು. ಇಬ್ಬರೂ ಸೋಲಲೊಲ್ಲರು. ಅಷ್ಟರಲ್ಲಿ ಚೀಲವನ್ನು ಮಡಚಿಡಲೆಂದು ಎತ್ತಿಕೊಂಡ ಚಾಂದಬೀ ಅದರ ಹೊರಜೇಬು ಭಾರವಾಗಿರುವುದನ್ನು ಕಂಡು ಕೈಹಾಕಿದಳು. ಬಿಳಿ ಅರಿವೆಯಲ್ಲಿ ಕಟ್ಟಿದ ಶೇಂಗಾ ಹೋಳಿಗೆ. ಪರಿಮಳೆಗೂ ಗೊತ್ತಿರಲಿಲ್ಲ. ಮಂದಿಯ ಪಾತ್ರೆಯನ್ನು ಮಲ್ಲಾಬಾಯಿ ಬೆಳಗದೆ ಕಳಿಸಿದ್ದಿಲ್ಲ, ಬರಿದಾಗಿಯೂ ಕಳಿಸಿದ್ದಿಲ್ಲ.

ಚಾಂದಬೀ ಗಂಟನ್ನು ಹಣೆಗೆ ಮುಟ್ಟಿಸಿಕೊಂಡಳು. "ಈಗ ನಮ್ಮ ಬಾರಿ," ಎಂದು ಗಂಡನತ್ತ ತಿರುಗಿದಳು. "ಬರೇ ಚೀಲ ಹ್ಯಾಂಗ ಕಳಸೂದು? ಆಡಿದ ರೊಕ್ಕ ತಗೋರಿ. ಮೂಲ್ಯಾಗ ನಿಮ್ಮ ಸ್ಪೀಕರ್ ಡಬ್ಬಿ ಕುಂತದ, ಬೆಕ್ಕು ಮರಿ ಹಾಕಾಕ ಆಗ್ಯದ. ಅದನ್ನ ಕೂಡಸಿ ಕಳಸ್ರಿ."

ಲಾಡ್ಲೇಸಾಬ ಹೆಂಡತಿಯನ್ನು ಒಮ್ಮೆ, ಡಬ್ಬಿಯನ್ನು ಒಮ್ಮೆ ನೋಡಿದ. ಧೂಳು ಒರೆಸಲು ಅವನೇ ಎದ್ದ. ಒರೆಸಿದ್ದು ಮಖಮಲ್ಲಿನ ಬಟ್ಟೆಯಿಂದಲೇ. ಪರಿಮಳಾ ಹೊರಟಾಗ ಚೀಲದ ಹೊರಜೇಬಿನಲ್ಲಿ ಅದೇ ಬಿಳಿ ಅರಿವೆ ಉತ್ತತ್ತಿಯಿಂದ ತುಂಬಿತ್ತು.

ರವಿವಾರ ಮೇಳ ಪರಿಮಳೆಯ ಮನೆಯ ಪಡಸಾಲೆಯಲ್ಲಿ ಕೂಡಿತು. ಪ್ರವೀಣಕುಮಾರ ಬೇಸಿನ ತಲೆಯನ್ನು ತಿರುಗಿಸಿ, ಉಳಿದಿದ್ದ ಬಾಗಿದ ಗೆರೆಯನ್ನು ಕಂಡು ಹುಬ್ಬೇರಿಸಿದ. ಸಹಿ ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ ಮಲ್ಲಾಬಾಯಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಪಾತ್ರಿಯವ ಬಂದ್ರ ಪರಿಮಳಾ ಅಂತ ಕೊರಸತೀನಿ ತಡೀರಿ ಮಾಸ್ತರ, ಈ ಸಲ ಹೋಗದಂಗ."

"ಈಗ ಬ್ಯಾಡ ಆಯಿ," ಎಂದಳು ಪರಿಮಳಾ. "ಮೊದಲ ಬಾರಸತೀನಿ."

ಮೊದಲ ಹಾಡಿಗೆ ಪ್ರವೀಣಕುಮಾರ ರೂಢಿಯಂತೆ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟ. ಎರಡನೆಯದಕ್ಕೂ ಇಟ್ಟ. ಮೂರನೆಯ ಪದದ ನಡುವೆ, ಹಾಡುವವರು ಉಸಿರೆಳೆದುಕೊಂಡ ಬಿಡುವಿನಲ್ಲಿ, ಲಾಡ್ಲೇಸಾಬನ ಡಬ್ಬಿಯಿಂದ ಒಂದು ಕೆಳಸ್ವರ ಹೊರಟು ನೆಲಕ್ಕಿಳಿಯಿತು. ಅವನು ತಲೆಯೆತ್ತಿ ನೋಡಿದ. ಪರಿಮಳಾ ಕಣ್ಣು ಮುಚ್ಚಿದ್ದಳು. ಅವನ ಎಡಗೈ ಮೆಲ್ಲನೆ ಕೀಬೋರ್ಡಿನಿಂದ ಇಳಿದು ತೊಡೆಯ ಮೇಲೆ ಕುಳಿತಿತು. ಹಾಡು ಮುಗಿಯುವವರೆಗೂ ಮೇಲೇಳಲಿಲ್ಲ.

ಒಳಗೆ, ಆ ಸ್ವರ ಬಂದಾಗಲೆಲ್ಲ ಹಲಗೆಯ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಮಲ್ಲಾಬಾಯಿ ನಿಲ್ಲಿಸಲೆಂದು ಒಂದು ತಂಬಿಗೆಯ ಮೇಲೆ ಕೈಯಿಟ್ಟಳು. ಆಮೇಲೆ ಕೈಯನ್ನು ಒತ್ತದೆ, ಕೊರೆದ ಹೆಸರಿನ ಮೇಲೆ ಬೆರಳನ್ನು ಬರಿದೇ ಇರಿಸಿಕೊಂಡು, ಅದು ನಡುಗುವುದನ್ನು ಕೇಳುತ್ತ ನಿಂತಳು.

ಇದನ್ನು ಹೇಳಿದವರಿಗೂ ಕೇಳಿದವರಿಗೂ ವಾಗ್ದೇವಿ ಒಲಿಯಲಿ. ನಿಮ್ಮ ಮನೆಗೆ ಬಂದ ಪಾತ್ರೆ ಬರಿದಾಗಿ ಮರಳದಿರಲಿ. ನಿಮ್ಮಿಂದ ಹೋದದ್ದು ತುಂಬಿಕೊಂಡು ಬರಲಿ. ನಿಮ್ಮ ಕೈಗೆ ಒಪ್ಪುವ ಕೆಲಸ ನಿಮಗೆ ದೊರೆಯಲಿ, ಆ ಕೆಲಸದಲ್ಲಿ ನಿಮ್ಮ ಉಸಿರು ಉಳಿಯಲಿ. ಎಲ್ಲರಿಗೂ ಮಂಗಳವಾಗಲಿ.