ಮಾದಿಯ ಹಾವಿಗೆ ಏನು ಬೇಕಿತ್ತು

ಮಾದಿ ಸತ್ತ ಮೇಲೆ ಅವನ ಬಾಡಿಗೆ ಮನೆಯ ಒಡತಿ ತಡಮಾಡಲಿಲ್ಲ. ಹಾವಿನ ಗಾಜಿನ ಪೆಟ್ಟಿಗೆಯನ್ನು ಸೌತೆ ಸಸಿ ಬೆಳೆಸಲು ತಾನೇ ಇಟ್ಟುಕೊಂಡಳು. ಒಳಗಿದ್ದದ್ದನ್ನೆಲ್ಲ ಕಸಕ್ಕೆ ಸುರಿದು, ಹಾವನ್ನು ಮಾತ್ರ ದಿಂಬಿನ ಚೀಲದಲ್ಲಿ ಗಂಟು ಕಟ್ಟಿ ಅವನ ಅಕ್ಕ ತೊಗ್ಜಾನಳ ಕೈಗಿಟ್ಟಳು. “ತಗೊಂಡ್ಹೋಗಮ್ಮ, ನಿನ್ ತಮ್ಮನ ಆಸ್ತಿ” ಎಂದಳು. ತೊಗ್ಜಾನ್ ಆ ಆಸ್ತಿಯನ್ನು ಕೋಟಿನೊಳಗೆ ಎದೆಗವಚಿಕೊಂಡು ಅಸ್ತಾನಾದಿಂದ ತಮ್ಮೂರು ಕರಗಂದಾಕ್ಕೆ ಬಸ್ಸಿನಲ್ಲಿ ಬಂದಳು.

ಮಾದಿ ಅದನ್ನು ಬೌರ್ಸಾಕ್ ಎಂದು ಕರೆಯುತ್ತಿದ್ದ. ಬೌರ್ಸಾಕ್ ಎಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಯ ಹಾಗೆಯೇ ಗಿಡ್ಡ, ದಪ್ಪ, ಕಂದು. ಒರಟು ಮೈ. ಎಲ್ಲರ ಮೇಲೂ ಬೇಸರಗೊಂಡಂತೆ ಮೇಲಕ್ಕೆ ಎತ್ತಿದ ಮೂಗು. ಈ ಹೆಸರು, ಬೋವಾ ಎಂಬ ವಿಷವಿಲ್ಲದ ಜಾತಿಯದು ಎಂಬುದು ಬಿಟ್ಟರೆ ಅವಳಿಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಅದಕ್ಕೆ ಏನು ಹಾಕಬೇಕು, ಎಷ್ಟು ಬಿಸಿ ಬೇಕು ಎಂಬುದೆಲ್ಲ ಮಾದಿಯ ಜೊತೆ, ಅವನ ಫೋನಿನ ಜೊತೆ, ಹಿಮಗಟ್ಟಿದ ಹೆದ್ದಾರಿಯಲ್ಲಿ ಲಾರಿಯ ಚಕ್ರದಡಿ ಹೋಗಿತ್ತು.

ಅವಳು ಹುಡುಕಿದಳು. ಕಜಕ್ ಭಾಷೆಯಲ್ಲಿ ಹುಡುಕಿದರೆ, ಕನಸಿನಲ್ಲಿ ಹಾವು ಕಂಡರೆ ಶತ್ರು ಹುಟ್ಟುತ್ತಾನೋ ಮಗು ಹುಟ್ಟುತ್ತದೋ ಎಂಬ ವಿಚಾರವೇ ಪುಟಗಟ್ಟಲೆ. ರಷ್ಯನ್ನಿನಲ್ಲಿ ಹುಡುಕಿದರೆ ಎರಡೇ ಬಗೆಯ ಬೋವಾ: ಆಳುದ್ದದ್ದು, ಇಲ್ಲವೇ ತಮ್ಮದೇ ಹುಲ್ಲುಗಾವಲಿನ ಮರಳು ಬೋವಾ. ಬೌರ್ಸಾಕಿನ ಮೂಗು ಎರಡಕ್ಕೂ ಹೊಂದಲಿಲ್ಲ. ಹಾವು ಸಾಕುವವರ ಗುಂಪಿನಲ್ಲಿ ಫೋಟೊ ಹಾಕಿದಳು. ಒಬ್ಬ, “ಒಳ್ಳೇ ಬೂಟು ಆಗುತ್ತೆ” ಎಂದ. ಇನ್ನೊಬ್ಬ, “ಅತ್ತೆ ಇದ್ದಾರಾ? ಇದ್ರೆ ಇಟ್ಕೊಳ್ಳಿ” ಎಂದ. ಮಿಕ್ಕವರು ನಗುವ ಮುಖ ಕಳಿಸಿದರು. ನಗದೇ ಇದ್ದವನು ಒಬ್ಬನೇ, ಜೈನೊಲ್ಲಾ. “ತಗೊಂಡ್ ಬಾ, ನೋಡೋಣ” ಎಂದು ಬರೆದ.

ಜೈನೊಲ್ಲಾ ಕರಗಂದಾದ ಶಾಪಿಂಗ್ ಮಾಲಿನ ಎರಡನೇ ಮಹಡಿಯಲ್ಲಿ ಹಾವುಗಳ ಪ್ರದರ್ಶನ ಇಟ್ಟಿದ್ದ. ಮಾದಿ ಶಾಲೆಯ ದಿನಗಳಲ್ಲಿ ಅಲ್ಲೇ ಬಿದ್ದಿರುತ್ತಿದ್ದ. ಹಾವಿನ ಹುಚ್ಚು ಹಿಡಿಸಿದ್ದೇ ಈ ಮನುಷ್ಯ. ಅವನು ಬೌರ್ಸಾಕನ್ನು ಅಂಗೈ ಮೇಲೆ ಮಲಗಿಸಿಕೊಂಡು ಬಾಲದ ಕೆಳಗೆ ಬಹಳ ಹೊತ್ತು ನೋಡಿದ.

“ಹೆಣ್ಣು” ಎಂದು ತನಗೇ ಹೇಳಿಕೊಂಡ. ಆಮೇಲೆ ಅವಳಿಗೆ, “ಇದನ್ನ ನಂಗೆ ಬಿಟ್ಬಿಡು ಮಗಳೇ. ನಿನ್ ಕೈಲಾಗಲ್ಲ.”

“ನನ್ ತಮ್ಮಂದು ಅಗಾ” ಎಂದಳು, ಹಿರಿಯರನ್ನು ಕರೆಯುವ ಮಾತಿನಲ್ಲಿ. “ಅವನದು ಅಂತ ಉಳಿದಿರೋದು ಇದೊಂದೇ.”

ಜೈನೊಲ್ಲಾ ಹಾವನ್ನು ಮತ್ತೆ ಚೀಲಕ್ಕಿಳಿಸಿದ. “ಆಯ್ತು, ಹಾಗಾದ್ರೆ ಕೇಳ್ಕೋ. ಇದು ನಮ್ಮ ಮರಳು ಬೋವಾನ ದಾಯಾದಿ. ಒಣ ಮರಳಲ್ಲಿಡು, ಬೆಚ್ಚಗಿಡು. ನೀರಿನ ಬಟ್ಟಲು ಗಿಟ್ಟಲು ಇಟ್ಟೀಯ ಮತ್ತೆ, ಶ್ವಾಸಕೋಶ ಕೊಳೆತು ಸತ್ತೋಗುತ್ತೆ. ವಾರಕ್ಕೊಂದು ಚಮಚ ನೀರು, ಸಾಕು. ಆಗದಿದ್ರೆ ಇಲ್ಲಿಗೆ ತಾ, ನಾನೇನು ಬೈಯಲ್ಲ.”

ಅವಳು ನಂಬಿದಳು. ಹುಲ್ಲುಗಾವಲಿನಲ್ಲಿ ಬೆಳೆದವರು ಯಾರಾದರೂ ನಂಬುತ್ತಿದ್ದರು. ಬೋವಾ ಎಂದರೆ ಮರಳಿನಿಂದ ಮೂತಿ ಹೊರಹಾಕುವ ಪ್ರಾಣಿ ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಮರಳು ತಂದು, ಬಾಣಲೆಯಲ್ಲಿ ಹುರಿದು, ಪ್ಲಾಸ್ಟಿಕ್ ಡಬ್ಬದಲ್ಲಿ ಹರವಿ, ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಪಕ್ಕದಲ್ಲೇ ಇಟ್ಟಳು. ಕರಗಂದಾದ ಚಳಿಗಾಲದಲ್ಲಿ ಆ ಕೊಳವೆಗಳು ಮೇಜಿನ ಮೇಲಿನ ಬ್ರೆಡ್ಡನ್ನು ಸಂಜೆಯೊಳಗೆ ಹಲಗೆ ಮಾಡುತ್ತವೆ. ಹಾವಿಗೂ ಅದೇ ಆಯಿತು. ಮೈಮೇಲೆ ನೆರಿಗೆ ಬಿತ್ತು, ಕಣ್ಣು ಗುಳಿಬಿತ್ತು, ಪೊರೆ ಚೂರುಚೂರಾಗಿ ಅಲ್ಲಲ್ಲೇ ಅಂಟಿಕೊಂಡಿತು. ಮುಂದೆ ಇಲಿ ಹಿಡಿದರೆ ಮುಖ ತಿರುಗಿಸುತ್ತಿತ್ತು. ಅವಳು ಜೈನೊಲ್ಲಾನಿಗೆ ಬರೆದಾಗಲೆಲ್ಲ ಒಂದೇ ಉತ್ತರ: ಇನ್ನೂ ತೇವ ಇದೆ, ಒಣಗಿಸು. ಇಲ್ಲಾಂದ್ರೆ ತಗೊಂಡ್ ಬಾ.

ತಾಯಿ ಉಲ್ಬೊಸಿನ್ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. “ನನ್ ಮಗನ್ನ ತಿಂದು, ಈಗ ಬಿಸಿ ಕಾಯಿಸ್ಕೋತಾ ಬಿದ್ದಿದೆ” ಎನ್ನುತ್ತಿದ್ದಳು. ತೊಗ್ಜಾನ್ ವಾದಿಸುತ್ತಿರಲಿಲ್ಲ. ಲಾರಿಯನ್ನು ಶಪಿಸಿ ಏನು ಮಾಡುವುದು, ಹಾವಾದರೆ ಮನೆಯಲ್ಲೇ ಇತ್ತು.

ಒಂದು ದಿನ ಅವಳು ಕೆಲಸದಿಂದ ಬರುವಷ್ಟರಲ್ಲಿ ಬೌರ್ಸಾಕ್ ಡಬ್ಬದಿಂದ ಹೊರಬಿದ್ದು, ನಡುಮನೆಯ ಜಮಖಾನೆ ದಾಟಿ, ಬಾಗಿಲ ಬಳಿ ಬರಿನೆಲದ ಮೇಲೆ ಮಲಗಿತ್ತು. ತಾಯಿ ಹಾಲಿನ ಬಟ್ಟಲು ಹಿಡಿದು ಅದರ ಮುಂದೆ ಮಂಡಿಯೂರಿದ್ದಳು. ಮನೆಯಲ್ಲಿ ಹಾವು ಕಂಡರೆ ಅದರ ತಲೆಗೆ ಬಿಳಿ, ಅಂದರೆ ಹಾಲು, ಸುರಿದು ಮರ್ಯಾದೆಯಿಂದ ಹೊರಗೆ ಕಳುಹಿಸಬೇಕು ಎಂಬುದು ಕಜಕರ ಪದ್ಧತಿ. ಬಿಳಿ ಬಿದ್ದ ಹಾವನ್ನು ಕೊಲ್ಲುವ ಹಾಗಿಲ್ಲ, ಒಳಗೆ ಇಟ್ಟುಕೊಳ್ಳುವ ಹಾಗೂ ಇಲ್ಲ, ಇಟ್ಟುಕೊಂಡರೆ ಮನೆಗೆ ಕೇಡು. ತೊಗ್ಜಾನ್ ತಾಯಿಗೆ “ಅಪಾ, ಬೇಡ!” ಎನ್ನುವಷ್ಟರಲ್ಲಿ ಹಾಲು ಬಿದ್ದಾಗಿತ್ತು.

ಆಗ ಹಾವು ಮೂತಿಯನ್ನು ಆ ಹಾಲಿಗೆ ಒತ್ತಿತು. ಗಂಟಲು ಆಡತೊಡಗಿತು. ನೆಲದ ಮೇಲಿನದು ಮುಗಿದರೂ ಮೂತಿ ಎತ್ತಲಿಲ್ಲ. ತಾಯಿಯ ಕೈ ಗಾಳಿಯಲ್ಲೇ ನಿಂತಿತು.

“ಲೇ, ಇದು ಬಾಯಾರಿ ಸಾಯ್ತಿದೆ ಕಣೇ. ನೀರೇ ಕೊಟ್ಟಿಲ್ವೇನೇ ನೀನು?”

ತೊಗ್ಜಾನ್ ತಟ್ಟೆಯಲ್ಲಿ ನೀರು ತಂದಿಟ್ಟಳು. ಹಾವು ಕುಡಿಯಿತು, ಕುಡಿಯುತ್ತಲೇ ಇತ್ತು. ತಮ್ಮ ಸತ್ತಾಗಲೂ ಅವಳು ಈಗ ಅತ್ತ ಹಾಗೆ ಅತ್ತಿರಲಿಲ್ಲ. ಆಗ ತಪ್ಪು ಅವಳದಾಗಿರಲಿಲ್ಲ.

“ಇನ್ಮೇಲೆ ಸರಿಯಾಗಿ ನೋಡ್ಕೋತೀನಿ ಅಪಾ. ಇರ್ಲಿ ಬಿಡು.”

“ಬಿಳಿ ಬಿದ್ದಾಯ್ತು. ಹೋಗ್ಬೇಕು ಅದು.”

“ಹೊರಗೆ ಮೈನಸ್ ಮೂವತ್ತಿದೆ!”

“ಮಾದಿಯ ವರ್ಷದ ಊಟಾನೂ ಆಗಿಲ್ಲ. ಈ ಮನೇಲಿ ಇನ್ನೊಂದು ಹೆಣ ನೋಡೋಕೆ ನನ್ನಿಂದಾಗಲ್ಲ. ನೀನೊಬ್ಳೇ ಉಳಿದಿರೋದು ನಂಗೆ.” ತಾಯಿ ಅಳಲಿಲ್ಲ, ಕೂಗಲೂ ಇಲ್ಲ. ಎಂದೂ ಮುಟ್ಟದವಳು ತನ್ನ ಉಣ್ಣೆಯ ಶಾಲಿನಲ್ಲಿ ಹಾವನ್ನು ತಾನೇ ಸುತ್ತಿ ಮಗಳ ಕೈಗೆ ಕೊಟ್ಟಳು. ಅಂಥವಳೊಡನೆ ಜಗಳವಾಡುವುದಾದರೂ ಹೇಗೆ?

ತೊಗ್ಜಾನ್ ಗೆಳತಿಯರಿಗೆ ಫೋನ್ ಮಾಡಿದಳು. ಹಾವು ಎಂದ ಕೂಡಲೇ ಎಲ್ಲರ ಮನೆಗೂ ನೆಂಟರು ಬಂದುಬಿಟ್ಟಿದ್ದರು. ಕೊನೆಗೆ ಉಳಿದದ್ದು ಮಾಲಿನ ಎರಡನೇ ಮಹಡಿ.

ಜೈನೊಲ್ಲಾ ಟಿಕೆಟ್ ಮೇಜಿನ ಬಳಿ ಇರಲಿಲ್ಲ. ಅವಳು ಕರೆಯುತ್ತಾ ಹಿಂದಿನ ಪರದೆ ಸರಿಸಿದಳು. ಸ್ನಾನದ ಮನೆಯಂಥ ತೇವದ ಗಾಳಿ ಮುಖಕ್ಕೆ ಬಡಿಯಿತು. ಗಾಜಿನ ಪೆಟ್ಟಿಗೆಯೊಂದರಲ್ಲಿ ಒದ್ದೆ ಪಾಚಿ, ಒದ್ದೆ ಎಲೆ, ಮೈ ಮುಳುಗುವಷ್ಟು ದೊಡ್ಡ ನೀರಿನ ಬೋಗುಣಿ. ಬೋಗುಣಿಯಿಂದ ಮೇಲೆದ್ದ ಅದೇ ಮೂಗು, ಅದೇ ಬೇಸರ. ಬೌರ್ಸಾಕಿಗಿಂತ ಚಿಕ್ಕದು. ಗಾಜಿಗೆ ಅಂಟಿಸಿದ ಚೀಟಿಯಲ್ಲಿ ‘ಗಂಡು’ ಎಂದಿತ್ತು.

ಅವಳಿಗೆ ಎಲ್ಲ ಅರ್ಥವಾಯಿತು: ಇದಕ್ಕೆ ಜೋಡಿಯಾಗಿ ಅವನಿಗೆ ಹೆಣ್ಣು ಬೇಕಿತ್ತು. ಕೈಯಲ್ಲಿದ್ದುದು ಹಾವಲ್ಲದೆ ಕಲ್ಲಾಗಿದ್ದರೆ ಅವನ ತಲೆಗೇ ಎಸೆಯುತ್ತಿದ್ದಳು.

ಚಹಾದ ಬಟ್ಟಲು ಹಿಡಿದು ಬಂದ ಜೈನೊಲ್ಲಾ ಪರದೆ ಸರಿದಿದ್ದುದನ್ನು ನೋಡಿದ. ನಾಚಲಿಲ್ಲ. ಬಟ್ಟಲು ಕೆಳಗಿಟ್ಟು, “ಕೊಡು ಬೇಗ, ನಿತ್ರಾಣ ಆಗಿದೆ” ಎಂದು ಶಾಲು ಬಿಚ್ಚಿ, ಬೌರ್ಸಾಕನ್ನು ಉಗುರುಬೆಚ್ಚಗಿನ ನೀರಿಗೆ ಇಳಿಸಿದ. ತಲೆ ಮುಳುಗದ ಹಾಗೆ ಗದ್ದದ ಕೆಳಗೆ ಒಂದು ಬೆರಳು ಕೊಟ್ಟ. ಅಂಟಿದ ಪೊರೆಯನ್ನು ಇನ್ನೊಂದು ಕೈಯಿಂದ, ಮಗುವಿನ ಕಣ್ಣು ಒರೆಸುವವನಂತೆ ಬಿಡಿಸತೊಡಗಿದ.

ಜೊತೆಗೆ ಮಾತಾಡತೊಡಗಿದ. “ಪಪುವಾ ಕಡೆಯ ಕಾಡಿಂದು ಇದು. ನೆಲ ಯಾವಾಗ್ಲೂ ಒದ್ದೆ ಅಲ್ಲಿ. ದಿನಾ ಎರಡ್ಸಲ ನೀರು ಚಿಮುಕಿಸ್ಬೇಕು. ಬಿಸಿ ಜಾಸ್ತಿ ಆಗ್ಬಾರ್ದು, ಕೊಳವೆ ಹತ್ರ ಅಂತೂ ಇಡಲೇಬಾರ್ದು. ಇಲಿ ಬರೀ ಹಾಗೇ ಕೊಟ್ರೆ ತಿನ್ನಲ್ಲ. ಹಲ್ಲಿ ಮೈಗೆ ತಿಕ್ಕಿ, ವಾಸನೆ ಹಿಡಿಸಿ ಕೊಡ್ಬೇಕು. ಮೊಟ್ಟೆ ಇಡಲ್ಲ ಇದು, ಮರೀನೇ ಹಾಕುತ್ತೆ...”

ಚಳಿಗಾಲವೆಲ್ಲ ಅವಳು ಕಂಡವರನ್ನೆಲ್ಲ ಕೇಳಿ, ಕಣ್ಣು ಉರಿಯುವವರೆಗೆ ಹುಡುಕಿದ್ದು ಇದನ್ನೇ. ಈಗ ಒಂದೂ ಬಿಡದೆ, ಕೇಳದೆಯೇ ಹೇಳುತ್ತಿದ್ದ. ಅವನ ದನಿಯಲ್ಲಿದ್ದ ಪ್ರೀತಿ ನಿಜವಾದದ್ದು. ಅವಳ ಸಿಟ್ಟು ಹೆಚ್ಚಿದ್ದು ಅದಕ್ಕೇ.

“ನೀರು ಅಂತ ಒಂದೇ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ ಅಗಾ” ಎಂದಳು.

ಜೈನೊಲ್ಲಾ ಹಾವಿನ ಮೇಲಿಂದ ಕಣ್ಣೆತ್ತಲಿಲ್ಲ.

“ಹೇಳಿದ್ರೆ, ಇದನ್ನ ಇಲ್ಲಿಗೆ ತರ್ತಿದ್ದೆಯಾ ನೀನು?”