ಬಿ ಸೆಕ್ಷನ್ನಿನ ಲಿಖಿತ

ಬಂಗಾರಪೇಟೆಯ ಆ ಶಾಲೆಯ ಹೆಸರು ಬೇಡ. ಆರನೇ ಕ್ಲಾಸಿಗೆ ಸೇರಿದ ಮಕ್ಕಳನ್ನು ಮೊದಲ ವಾರದಲ್ಲೇ ಜರಡಿ ಹಿಡಿಯುತ್ತಾರೆ. ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ನಾಲ್ಕು ಪ್ರಶ್ನೆ ಕೇಳುತ್ತಾರೆ. ಪಟಪಟನೆ ಹೇಳಿದವರು ಎ ಸೆಕ್ಷನ್, ಉಳಿದವರು ಬಿ. ಹನ್ನೊಂದು ವರ್ಷದ ಕೂಸಿನ ಹಣೆಬರಹ ಅಲ್ಲಿಗೆ ಬರೆದಾಯಿತು, ಎಷ್ಟು ಸಲೀಸು ನೋಡಿ!

ಚಿನ್ನದ ಗಣಿ ಕಾರ್ಮಿಕರ ಊರಿಗಾಂ ಲೈನ್ ಮನೆಯ ಇಂದ್ರಾಣಿಗೆ ಇದೆಲ್ಲ ಏನು ಗೊತ್ತು, ಪಾಪ. ಅವರ ಮನೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಉಸಿರಲ್ಲಿ ಬರುತ್ತವೆ. ಮಗಳು ಲಿಖಿತ ಮೇಷ್ಟ್ರ ಮುಂದೆ ಹಾಗೇ ಕಲಸಿ ಮಾತಾಡಿ ನಗೆಪಾಟಲಾದಾಳು ಅಂತ ಹೆದರಿ, ಕೇಳಿದರೂ ಬಾಯಿ ಮುಚ್ಕೊಂಡಿರು ಅಂತ ಜಡೆ ಹಾಕುವಾಗಲೇ ಬುದ್ಧಿ ಹೇಳಿ ಕಳಿಸಿದ್ದಳು. ತಾಯಿ ಮಾತು ಮೀರದ ಮಗಳು ಉತ್ತರ ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ. ಬಿ ಸೆಕ್ಷನ್ನಿಗೆ ಬಿದ್ದಳು. ಎ, ಬಿ ಅಂದರೆ ಕೊಠಡಿಯ ಗುರುತು ಅಂತಲೇ ಇಂದ್ರಾಣಿ ತಿಳಿದಿದ್ದಳು.

ಬಿ ಸೆಕ್ಷನ್ನಿನವರು ಪಾಸಾದರೆ ಸಾಕು ಅಂತ ಮೇಷ್ಟ್ರುಗಳ ಲೆಕ್ಕಾಚಾರ. ಕಷ್ಟದ ಪಾಠಗಳನ್ನು ಹಾರಿಸಿಬಿಡುತ್ತಿದ್ದರು. ಎ ಸೆಕ್ಷನ್ನಿನವರು ಪ್ರಯೋಗ ಮಾಡುವಾಗ ಇವರು ಅಂಗಳ ಗುಡಿಸುತ್ತಿದ್ದರು. ಮೊದಲ ವಾರದ ಜರಡಿಯಿಂದ ಹಿಡಿದು ಇದೆಲ್ಲ ಇಂದ್ರಾಣಿಯ ಕಿವಿಗೆ ಬಿದ್ದದ್ದು ಎರಡು ವರ್ಷದ ಮೇಲೆ, ಕೂಲಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ, ಎ ಸೆಕ್ಷನ್ ಹುಡುಗಿಯೊಬ್ಬಳ ತಾಯಿಯಿಂದ.

ಮಾರನೆಯ ದಿನವೇ ಇಂದ್ರಾಣಿ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಹೆಡ್‌ಮಾಸ್ಟರ್ ಮುನಿಸ್ವಾಮಪ್ಪನವರ ಮುಂದೆ ನಿಂತಳು. ಮಗಳ ಬಾಯಿ ಕಟ್ಟಿದ್ದು ನಾನೇ ಸಾರ್, ಎಂಟನೇ ಕ್ಲಾಸಿಗಾದರೂ ಎ ಸೆಕ್ಷನ್ನಿಗೆ ಹಾಕಿ ಅಂತ ಅಂಗಲಾಚಿದಳು. ಅವರು ಕೆಟ್ಟವರೇನಲ್ಲ. ಎಲ್ಲರೂ ಹೀಗೇ ಬಂದರೆ ನನ್ನ ಗತಿಯೇನಮ್ಮ ಅಂತ ಗೊಣಗಿ, ಆಮೇಲೆ ಮೆತ್ತಗಾದರು. ಗಣಿತದ ಪುಸ್ತಕ ತೆರೆದು ಒಂದು ಲೆಕ್ಕ ತೋರಿಸಿ, ಇದೊಂದು ಮಾಡಲಿ, ಈಗಲೇ ಹಾಕುತ್ತೇನೆ ಅಂದರು.

ಇಂದ್ರಾಣಿಗೆ ಹೋದ ಜೀವ ಬಂದ ಹಾಗಾಯಿತು. ಮಗಳ ಬೆನ್ನು ಸವರಿದಳು. “ಮಾಡಮ್ಮ. ತಪ್ಪಾದ್ರೂ ಪರವಾಗಿಲ್ಲ, ಮಾಡು.”

ಲಿಖಿತ ಪುಟದ ಕಡೆ ಸರಿಯಾಗಿ ನೋಡಲೂ ಇಲ್ಲ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಏನೂ ತಿಳಿಯದ ಅಮ್ಮನಿಗೆ ತಿಳಿಸಿ ಹೇಳುವವಳ ಹಾಗೆ ಮೆಲ್ಲಗೆ ಅಂದಳು:

“ಈ ಪಾಠ ಎ ಸೆಕ್ಷನ್‌ನೋರಿಗಮ್ಮ. ನಮ್ಮಂತೋರ್ಗಲ್ಲ.”

ಹೆಡ್‌ಮಾಸ್ಟರ್ ಪುಸ್ತಕ ಮುಚ್ಚಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಲಿಖಿತ ಸಾರ್ ಹತ್ತಿರ ಅಪ್ಪಣೆ ಕೇಳಿ, ತನ್ನ ಬಿ ಸೆಕ್ಷನ್ನಿಗೆ ಖುಷಿಯಾಗಿ ಓಡಿದಳು.